ಪರದೆಯ ಈಚೆಗಿನ ಕೆಲಸ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಚಿಕ್ಕಂದಿನಲ್ಲಿ ನನಗೆ ಜಾತ್ರೆ ಎಂದರೆ ತೊಟ್ಟಿಲಿಗಿಂತ ನಾಟಕದ ಟೆಂಟೇ ದೊಡ್ಡದು. ಒಂದು ರಾತ್ರಿ ನಾಟಕದ ನಡುವೆ ಕರೆಂಟ್ ಹೋಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಎದ್ದ ಸದ್ದು. ಒಂದು ಮಗು ಅಳಲು ಶುರು ಮಾಡಿತು. ಅಷ್ಟರಲ್ಲಿ ನಮ್ಮ ಸಾಲಿನ ತುದಿಯಲ್ಲಿ ಟಾರ್ಚ್ ಹೊತ್ತಿತು. ಗೇಟಿನಲ್ಲಿ ನಮ್ಮ ಟಿಕೆಟ್ ಹರಿದು ಕೊಟ್ಟಿದ್ದ ಮನುಷ್ಯ ಬಂದು ನಿಂತಿದ್ದ. ಬೆಳಕನ್ನು ಯಾರ ಮುಖಕ್ಕೂ ಬಿಡಲಿಲ್ಲ, ನೆಲಕ್ಕೆ ಹಿಡಿದಿದ್ದ. 'ಯಾರೂ ಏಳಬೇಡಿ, ಜನರೇಟರ್ ಹಾಕ್ತಾ ಇದ್ದಾರೆ' ಎಂದ. ಎದ್ದವರೂ ಕೂತರು. ಆ ಹೊತ್ತಿನಲ್ಲಿ ರಂಗದ ಮೇಲಿದ್ದ ಯಾವ ನಟನಿಂದಲೂ ಆ ಕೆಲಸ ಆಗುತ್ತಿರಲಿಲ್ಲ.

ಈ ಕೆಲಸಕ್ಕೆ ರಂಗಭೂಮಿಯಲ್ಲಿ 'ಫ್ರಂಟ್ ಆಫ್ ಹೌಸ್' ಎಂಬ ಹೆಸರಿದೆ. ಇಲ್ಲಿ 'ಹೌಸ್' ಎಂದರೆ ಮನೆಯಲ್ಲ. ಟಾಕೀಸಿನ ಮುಂದೆ 'ಹೌಸ್‌ಫುಲ್' ಬೋರ್ಡ್ ನೋಡಿದ್ದೀರಲ್ಲ, ಅದೇ ಹೌಸ್. ಪ್ರೇಕ್ಷಕರು ಕೂರುವ ಜಾಗ. ಕೆಲವು ಸಲ ಆ ಪ್ರೇಕ್ಷಕರಿಗೇ ಈ ಮಾತು ಸಲ್ಲುತ್ತದೆ. ಬುಕಿಂಗ್ ಕಿಟಕಿ, ಗೇಟು, ಮುಂದಿನ ಹಜಾರ, ಚಹಾದ ಅಂಗಡಿ, ಶೌಚಾಲಯ, ಕುರ್ಚಿಗಳ ನಡುವಿನ ದಾರಿ, ಹೀಗೆ ಪರದೆಯ ಈಚೆ ಇರುವುದೆಲ್ಲ ಫ್ರಂಟ್ ಆಫ್ ಹೌಸ್. ಆಚೆ ಇರುವುದು ಬ್ಯಾಕ್‌ಸ್ಟೇಜ್. ಯಕ್ಷಗಾನದವರ ಮಾತಿನಲ್ಲಿ ಅದು ಚೌಕಿಯ ಕಡೆ. ಹೋಟೆಲಿನವರೂ ಇದೇ ಹೆಸರು ಬಳಸುತ್ತಾರೆ. ಊಟದ ಹಾಲ್, ಗಲ್ಲಾ, ರಿಸೆಪ್ಷನ್ ಮುಂಭಾಗ. ಅಡುಗೆಮನೆ, ಉಗ್ರಾಣ, ಪಾತ್ರೆ ತೊಳೆಯುವ ಜಾಗ ಹಿಂಭಾಗ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಹೊಸ ವಿಷಯವೇ ಅಲ್ಲ. ನಮ್ಮ ಹಳೆಯ ಮನೆಗಳ ಜಗಲಿ ನೆನಪು ಮಾಡಿಕೊಳ್ಳಿ. ಬಂದವರಿಗೆ ಮೊದಲು ಕಾಲು ತೊಳೆಯಲು ನೀರು. ಆಮೇಲೆ ಕೂರಲು ಚಾಪೆ. 'ಆಸರಿಗೆ ಎಂತ ಬೇಕು?', ಅಂದರೆ ಕುಡಿಯಲು ಏನು ಬೇಕು ಎಂಬ ಮಾತು. ಅಷ್ಟಾಗುವಾಗ ಎಲೆ ಅಡಿಕೆಯ ಕವಳದ ಹರಿವಾಣ ಮುಂದೆ ಬಂದಿರುತ್ತದೆ. ಒಳಗೆ ಅಡುಗೆ ಇನ್ನೂ ಒಲೆಯ ಮೇಲೇ ಇರಬಹುದು. ಬಂದವರಿಗೆ ಅದು ಗೊತ್ತಾಗುವುದಿಲ್ಲ. ಜಗಲಿಯಲ್ಲಿ ಕೂತವರು ನೆಂಟರೋ, ಅಡಿಕೆ ವ್ಯಾಪಾರಕ್ಕೆ ಬಂದವರೋ, ದಾರಿ ಕೇಳಲು ಬಂದವರೋ ಎಂದು ಮನೆಯವರು ಅಷ್ಟರಲ್ಲಿ ಅಂದಾಜು ಮಾಡಿರುತ್ತಾರೆ. ರಂಗಮಂದಿರದ ಹಜಾರಕ್ಕೂ ಹೋಟೆಲಿನ ಬಾಗಿಲಿಗೂ ಇದೇ ಕೆಲಸ. ಹೊರಗಿನಿಂದ ಬಂದವರನ್ನು ಅವಸರವಿಲ್ಲದೆ ಒಳಗಿನವರನ್ನಾಗಿ ಮಾಡಬೇಕು.

ಬೇಸರದ ಸಂಗತಿ ಏನೆಂದರೆ, ನಾವು ಈಗ ಸಭಾಭವನ ಕಟ್ಟುವಾಗ ವೇದಿಕೆಗೆ ದುಡ್ಡು ಹಾಕುತ್ತೇವೆ, ಜಗಲಿಯನ್ನು ಮರೆಯುತ್ತೇವೆ.

ಮೊದಲು ಜನರ ವಿಷಯ ನೋಡೋಣ. ದೊಡ್ಡ ರಂಗಮಂದಿರಗಳಲ್ಲಿ ಇಬ್ಬರು ಮುಖ್ಯಸ್ಥರು ಇರುತ್ತಾರೆ. ಪರದೆಯ ಆಚೆಗೆ ಸ್ಟೇಜ್ ಮ್ಯಾನೇಜರ್, ಈಚೆಗೆ ಹೌಸ್ ಮ್ಯಾನೇಜರ್. ಇವರಿಬ್ಬರ ಒಪ್ಪಿಗೆ ಇಲ್ಲದೆ ನಾಟಕ ಶುರುವಾಗುವುದಿಲ್ಲ. ಸಾಮಾನ್ಯವಾಗಿ ಆಟಕ್ಕೆ ಅರ್ಧ ಗಂಟೆ ಮೊದಲು ಸ್ಟೇಜ್ ಮ್ಯಾನೇಜರ್ 'ವೇದಿಕೆಯ ಕೆಲಸ ಮುಗಿಯಿತು, ಜನರನ್ನು ಬಿಡಬಹುದು' ಎನ್ನುತ್ತಾರೆ. ಅದುವರೆಗೆ ಬಾಗಿಲು ತೆರೆಯುವಂತಿಲ್ಲ. ಬಾಗಿಲು ತೆರೆದ ಮೇಲೆ ಹೌಸ್ ಈಚೆಯವರ ವಶ. ನಟರು ವೇದಿಕೆಯ ಮೇಲೆ ಬಂದು ಇಣುಕುವಂತಿಲ್ಲ. ಕೊನೆಗೆ ಹೌಸ್ ಮ್ಯಾನೇಜರ್ 'ಎಲ್ಲರೂ ಕೂತರು, ದಾರಿಗಳು ಖಾಲಿ ಇವೆ, ಶುರು ಮಾಡಿ' ಎಂದು ಹೇಳಬೇಕು. ಆಗಷ್ಟೇ ದೀಪ ಆರುತ್ತದೆ. ನಡುವೆ ಮಳೆ ಬಂದು ನೂರು ಜನ ಹೊರಗೇ ಸಿಕ್ಕಿಹಾಕಿಕೊಂಡರೆ ಐದು ನಿಮಿಷ ತಡ ಮಾಡಿ ಎನ್ನುವ ಹಕ್ಕೂ ಅವರಿಗೇ ಇದೆ.

ಬ್ರಿಟನ್ನಿನ ರಂಗಮಂದಿರಗಳಲ್ಲಿ ಇದಕ್ಕೆ ಒಂದು ಗಟ್ಟಿ ಲೆಕ್ಕವಿದೆ. 'ಹಾಫ್' ಅಂದರೆ ಅರ್ಧ ಗಂಟೆ ಎಂಬ ಕರೆಯನ್ನು ಆಟಕ್ಕೆ 35 ನಿಮಿಷ ಇರುವಾಗಲೇ ಕೂಗುತ್ತಾರೆ. ಕೇಳಿದರೆ ತಪ್ಪು ಎನಿಸುತ್ತದೆ. ಆದರೆ ಮೊದಲ ದೃಶ್ಯದ ನಟರು ಪರದೆ ಏಳುವ 5 ನಿಮಿಷ ಮೊದಲೇ ತಮ್ಮ ಜಾಗದಲ್ಲಿ ಇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸರಿಯಾಗಿ ಅರ್ಧ ಗಂಟೆ. ಹಜಾರದಲ್ಲಿ ಹೊಡೆಯುವ ಗಂಟೆ, ಚಹಾದವನಿಗೆ ಕೊಡುವ ಸೂಚನೆ, ಎಲ್ಲವೂ ಇದೇ ಗಡಿಯಾರಕ್ಕೆ ಕಟ್ಟಿಕೊಂಡು ನಡೆಯುತ್ತವೆ.

ನಮ್ಮ ಆಟಗಳಲ್ಲಿ ಈ ಗಂಟೆಯ ಕೆಲಸವನ್ನು ಚೆಂಡೆ ಮಾಡುತ್ತಿತ್ತು. ಕತ್ತಲಾಗುತ್ತಿದ್ದಂತೆ 'ಕೇಳಿ', ಅಂದರೆ ಆಟ ಸಾರುವ ಚೆಂಡೆ, ಹೊಡೆದರೆ ಸುತ್ತಿನ ಹಳ್ಳಿಗಳಿಗೆ ಆಟ ಉಂಟು ಎಂದು ತಿಳಿಯುತ್ತಿತ್ತು. ಊಟ ಮುಗಿಸಿ, ಸೂಡಿ ಎಂಬ ಪಂಜು ಹಿಡಿದು, ಗದ್ದೆಯ ಬದುವಿನ ಮೇಲೆ ಜನ ನಡೆದು ಬರುತ್ತಿದ್ದರು. ಆಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಪೂರ್ವರಂಗ ಬಹಳ ಹೊತ್ತು ನಡೆಯುತ್ತಿತ್ತು. ಅದಕ್ಕೆ ಪೂಜೆಯ ಅರ್ಥವಿದೆ, ಎಳೆಯ ಕಲಾವಿದರಿಗೆ ಅದೇ ಶಾಲೆ. ಗೇಟಿನಲ್ಲಿ ನಿಂತು ನೋಡಿದರೆ ಇನ್ನೊಂದು ಉಪಯೋಗವೂ ಕಾಣುತ್ತದೆ. ತಡವಾಗಿ ಬಂದವರು ಬಂದು, ಜಾಗ ಹುಡುಕಿ, ಕೂತು, ಪಕ್ಕದವರನ್ನು ಮಾತಾಡಿಸಿ ಮುಗಿಸುವಷ್ಟು ಸಮಯ ಅದರಲ್ಲೇ ಸಿಗುತ್ತಿತ್ತು. ಪ್ರಸಂಗ ಶುರುವಾಗುವ ಹೊತ್ತಿಗೆ ಸಭೆ ತಣ್ಣಗಾಗಿರುತ್ತಿತ್ತು. ಈಗ ಮೂರು ಗಂಟೆಯ ಕಾಲಮಿತಿ ಆಟಗಳಲ್ಲಿ ಪೂರ್ವರಂಗ ಮೊಟಕಾಗಿದೆ. ಅದರ ಜೊತೆ ಆ ಸಮಯವೂ ಹೋಯಿತು. ಭಾಗವತರು ಮೊದಲ ಪದ ಎತ್ತಿದಾಗಲೂ ಮುಂದಿನ ಸಾಲಿನಲ್ಲಿ ಜನ ಓಡಾಡುತ್ತಿರುತ್ತಾರೆ. ಹಾಗಾಗಿ ತಡವಾಗಿ ಬಂದವರನ್ನು ಎಲ್ಲಿ ನಿಲ್ಲಿಸಬೇಕು, ಯಾವ ಪದ ಮುಗಿದಾಗ ಒಳಗೆ ಬಿಡಬೇಕು ಎಂದು ಈಗ ಗೇಟಿನವರು ಭಾಗವತರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ರಂಗಮಂದಿರಗಳಲ್ಲಿ ಹೌಸ್ ಮ್ಯಾನೇಜರ್ ನಿರ್ದೇಶಕರನ್ನು ಕೇಳುವುದೂ ಇದನ್ನೇ.

ಟಿಕೆಟ್ ಯಾಕೆ ಹರಿಯುತ್ತಾರೆ ಗೊತ್ತಾ? ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಎಣಿಕೆ. ಗೇಟಿನಲ್ಲಿ ಉಳಿದ ತುಂಡುಗಳನ್ನು ಎಣಿಸಿದರೆ ಈಗ ಒಳಗೆ ಎಷ್ಟು ಜನ ಇದ್ದಾರೆ ಎಂಬುದು ತಿಳಿಯುತ್ತದೆ. ಕಿಟಕಿಯಲ್ಲಿ ಮಾರಿದ ಲೆಕ್ಕದಿಂದ ಇದು ಗೊತ್ತಾಗುವುದಿಲ್ಲ, ಟಿಕೆಟ್ ತೆಗೆದುಕೊಂಡವರೆಲ್ಲ ಬಂದಿರುವುದಿಲ್ಲ. ಬೆಂಕಿ ಬಿದ್ದ ರಾತ್ರಿ ಅಗ್ನಿಶಾಮಕ ದಳದವರು ಮೊದಲು ಕೇಳುವುದು ಈ ಸಂಖ್ಯೆಯನ್ನೇ. ನಾನು ಹವ್ಯಾಸಿ ನಾಟಕಗಳಿಗೆ ಗೇಟಿನಲ್ಲಿ ನಿಲ್ಲಲು ಶುರು ಮಾಡಿದ ಮೊದಲ ವರ್ಷ ಸುಮ್ನೆ ಟಿಕೆಟ್ ನೋಡಿ ಬಿಡುತ್ತಿದ್ದೆ. ಹಿರಿಯರೊಬ್ಬರು ಕರೆದು ಒಂದು ಡಬ್ಬಿ ಕೊಟ್ಟರು. 'ತಮ್ಮಾ, ತುಂಡು ಇದರಲ್ಲಿ ಹಾಕು. ಶುರುವಾಗಿ ಹತ್ತು ನಿಮಿಷಕ್ಕೆ ಎಣಿಸಿ ನನಗೆ ಹೇಳು' ಎಂದರು. ಇವತ್ತಿಗೂ ಹಾಗೇ ಮಾಡುತ್ತೇನೆ. ಮೊಬೈಲಿನಲ್ಲಿ ಕೋಡ್ ಸ್ಕ್ಯಾನ್ ಮಾಡುವ ಕಡೆ ಯಂತ್ರವೇ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ಕಟ್ಟಡ. ಒಳ್ಳೆಯ ರಂಗಮಂದಿರಕ್ಕೆ ಎರಡು ಬಾಗಿಲು ದಾಟಿ ಹೋಗಬೇಕು. ಮೊದಲ ಬಾಗಿಲು, ನಾಲ್ಕು ಹೆಜ್ಜೆಯ ಮಬ್ಬು ಜಾಗ, ಮತ್ತೆ ಇನ್ನೊಂದು ಬಾಗಿಲು. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಹಾಗಾಗಿ ಹೊರಗಿನ ಬೆಳಕೂ ಗದ್ದಲವೂ ಒಳಗೆ ನುಗ್ಗುವುದಿಲ್ಲ. ಆ ಮಬ್ಬು ಜಾಗಕ್ಕೆ ಇನ್ನೊಂದು ಕೆಲಸವಿದೆ. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಟ್ಯೂಬ್‌ಲೈಟಿನ ಬೆಳಕಿನಿಂದ ನೇರವಾಗಿ ಕತ್ತಲೆಗೆ ಹೋದರೆ ಮೆಟ್ಟಿಲು ಕಾಣುವುದಿಲ್ಲ. ಅದಕ್ಕೇ ಹೊರಗೆ ಜಾಸ್ತಿ ಬೆಳಕು, ಹಜಾರದಲ್ಲಿ ಸ್ವಲ್ಪ ಕಡಿಮೆ, ಒಳಗೆ ಇನ್ನೂ ಕಡಿಮೆ ಎಂದು ಹಂತ ಮಾಡುತ್ತಾರೆ. ಟಾರ್ಚನ್ನು ನೆಲಕ್ಕೆ ಹಿಡಿಯುವುದೂ ಇದಕ್ಕೇ. ಮುಖಕ್ಕೆ ಬೆಳಕು ಬಿಟ್ಟರೆ ಅಲ್ಲಿಯವರೆಗೆ ಹೊಂದಿಕೊಂಡ ಕಣ್ಣು ಮತ್ತೆ ಕುರುಡಾಗುತ್ತದೆ.

ಹಿಂದಿನವರಿಗೆ ಕಾಣಬೇಕೆಂದರೆ ಎಷ್ಟು ಎತ್ತರ ಬೇಕು? ಮನುಷ್ಯನ ಕಣ್ಣಿಗೂ ನೆತ್ತಿಗೂ ನಡುವೆ ಹೆಚ್ಚುಕಡಿಮೆ 120 ಮಿಲಿಮೀಟರ್ ಅಂತರ. ಹಿಂದೆ ಕೂತವರ ದೃಷ್ಟಿ ಮುಂದಿನವರ ಕಣ್ಣಿಗಿಂತ ಅಷ್ಟು ಮೇಲೆ ಹಾದುಹೋಗಬೇಕು. ಆ ಲೆಕ್ಕ ಹಿಡಿದು ಸಾಲುಗಳನ್ನು ಎತ್ತರಿಸುತ್ತಾ ಹೋಗುತ್ತಾರೆ. ಬಯಲಾಟದವರು ಯಾವ ಲೆಕ್ಕವೂ ಇಲ್ಲದೆ ಇದನ್ನು ಸಾಧಿಸಿದ್ದರು. ಮುಂದೆ ಚಾಪೆಯ ಮೇಲೆ ಮಕ್ಕಳು, ಅವರ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ನಿಂತವರು. ನೆಲ ಸಪಾಟಾಗಿದ್ದರೂ ತಲೆಗಳೇ ಮೆಟ್ಟಿಲಾದವು! ಕಲ್ಯಾಣ ಮಂಟಪದಂಥ ಸಪಾಟು ಹಾಲಿನಲ್ಲಿ ನಾಟಕ ಮಾಡುವವರು ಇದನ್ನೇ ಅನುಸರಿಸಬಹುದು. ಎರಡನೇ ಸಾಲಿನ ಕುರ್ಚಿಗಳನ್ನು ಮೊದಲ ಸಾಲಿನ ಎರಡು ಕುರ್ಚಿಗಳ ನಡುವೆ ಬರುವಂತೆ ಅರ್ಧ ಸರಿಸಿ ಇಟ್ಟರೂ ಬಹಳ ವ್ಯತ್ಯಾಸವಾಗುತ್ತದೆ. ಖರ್ಚು ಏನೂ ಇಲ್ಲ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ದಾರಿ ಕಟ್ಟಿದ್ದೇವೆ ಎಂದು ಹೇಳುವವರು ಒಮ್ಮೆ ಟೇಪು ಹಿಡಿದು ಅಳೆಯಬೇಕು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಮೂರು ಅಡಿ ಎತ್ತರದ ಕಟ್ಟೆಗೆ 36 ಅಡಿ. ಆರು ಅಡಿಯಲ್ಲಿ ಮುಗಿಸಿದ್ದರೆ ಅದು ಸಾಮಾನು ಎಳೆಯಲು ಸರಿ, ಮನುಷ್ಯರಿಗಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಮಯೂರವರ್ಮ ವೇದಿಕೆ ಇದೆಯಲ್ಲ, ಅಂಥ ಬಯಲು ವೇದಿಕೆಗೆ ಗೋಡೆಯೂ ಇಲ್ಲ, ಹಜಾರವೂ ಇಲ್ಲ. ಅಲ್ಲಿ ಮರಳೇ ಮುಂಭಾಗ. ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ, ಕುರ್ಚಿಯ ಕಾಲು ಒಂದು ಕಡೆ ಇಳಿಯುತ್ತದೆ, ಕೋಲು ಹಿಡಿದ ಅಜ್ಜಿಗೆ ಹತ್ತು ಹೆಜ್ಜೆಯೇ ದೂರ. ಕಡಲತೀರದಲ್ಲಿ ಕಾರ್ಯಕ್ರಮ ಮಾಡುವವರು ರಸ್ತೆಯಿಂದ ಮೊದಲ ಸಾಲಿನವರೆಗೆ ಹಲಗೆಯನ್ನೋ ಗಟ್ಟಿ ಮ್ಯಾಟನ್ನೋ ಹಾಸಿದರೆ ಎಷ್ಟೋ ಜನ ಮನೆಯಲ್ಲಿ ಉಳಿಯುವುದಿಲ್ಲ.

ಮಳೆಗಾಲದ ಮಾತು ಬೇರೆಯೇ ಇದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬೇರೆ ಊರಿನ ನಕ್ಷೆ ತಂದು ಇಲ್ಲಿ ಹಾಲ್ ಕಟ್ಟಿದರೆ ಬಾಗಿಲಿನಲ್ಲೇ ಎಲ್ಲ ಕೆಡುತ್ತದೆ. ಇನ್ನೂರು ಜನ ಒಟ್ಟಿಗೆ ಬಂದು ಕೊಡೆ ಮಡಚಲು ಮಾಡಿನ ಕೆಳಗೆ ಜಾಗ ಬೇಕು. ಒದ್ದೆ ಕೊಡೆ ಇಡಲು ಒಂದು ಕಡೆ, ನೀರು ಇಳಿದು ಹೋಗಲು ಕಾಲುವೆ. ನುಣುಪಾದ ಟೈಲ್ಸ್ ಬೇಡವೇ ಬೇಡ. ಹಳೆಯ ಮನೆಗಳಲ್ಲಿ ಜಗಲಿಯ ಮಾಡು ಅಷ್ಟು ಮುಂದಕ್ಕೆ ಇಳಿದಿರುತ್ತಿದ್ದುದು ಚಂದಕ್ಕಲ್ಲ. ತಗಡಿನ ಮಾಡು ಹಾಕಿದರೆ ಜೋರು ಮಳೆಗೆ ನಟರ ಒಂದು ಮಾತೂ ಕೇಳುವುದಿಲ್ಲ.

ಶೌಚಾಲಯದ ಬಗ್ಗೆ ಒಂದೇ ಮಾತು. ಮಧ್ಯಂತರ 15 ನಿಮಿಷ. ಗಂಡಸರ ಸಾಲು ಐದು ನಿಮಿಷಕ್ಕೆ ಕರಗುತ್ತದೆ, ಹೆಂಗಸರ ಸಾಲು ಗಂಟೆ ಹೊಡೆದರೂ ನಿಂತಿರುತ್ತದೆ. ಎರಡೂ ಕಡೆ ಒಂದೇ ಅಳತೆಯ ಜಾಗ ಕೊಟ್ಟರೆ ಸಮ ಆಗುವುದಿಲ್ಲ. ಹೆಂಗಸರಿಗೆ ಎರಡರಷ್ಟು ಬೇಕು.

ಈಗ ಹೇಳುವ ಮಾತಿಗಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು.

1903ರ ಡಿಸೆಂಬರ್ 30ರಂದು ಅಮೆರಿಕದ ಶಿಕಾಗೋ ನಗರದ ಇರೊಕ್ವಾ ಥಿಯೇಟರಿನಲ್ಲಿ ಮಧ್ಯಾಹ್ನದ ಆಟ ನಡೆಯುತ್ತಿತ್ತು. ರಜೆಯ ದಿನಗಳು. ನೋಡಲು ಬಂದವರಲ್ಲಿ ತಾಯಂದಿರು, ಮಕ್ಕಳೇ ಜಾಸ್ತಿ. ವೇದಿಕೆಯ ಮೇಲಿನ ದೀಪದಿಂದ ಪರದೆಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ತೆರೆದು ಆರು ವಾರವೂ ಆಗಿರಲಿಲ್ಲ. ಹೊರಹೋಗುವ ಬಾಗಿಲುಗಳು ಇದ್ದವು. ಕೆಲವಕ್ಕೆ ಬೀಗ, ಕೆಲವು ಪರದೆಯ ಹಿಂದೆ ಮರೆಯಾಗಿದ್ದವು, ಕೆಲವಕ್ಕೆ ಜನರಿಗೆ ಗೊತ್ತಿಲ್ಲದ ರೀತಿಯ ಚಿಲಕ. ಒಳಕ್ಕೆ ತೆರೆಯುವ ಬಾಗಿಲುಗಳನ್ನು ಹಿಂದಿನಿಂದ ಒತ್ತಿದ ಜನರೇ ಮುಚ್ಚಿಬಿಟ್ಟರು. ಗೇಟಿನ ಹುಡುಗರಿಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಆ ದುರಂತದ ನಂತರ ಹೊರಕ್ಕೆ ತೆರೆಯುವ, ಅಡ್ಡಪಟ್ಟಿಯನ್ನು ಮೈಯಿಂದ ದಬ್ಬಿದರೆ ಸಾಕು ಎನ್ನುವಂಥ ಬಾಗಿಲು ಬಂತು. ಕಾರ್ಲ್ ಪ್ರಿಂಜ್ಲರ್ ಎಂಬ ಹಾರ್ಡ್‌ವೇರ್ ವ್ಯಾಪಾರಿ ಅದರ ಹಿಂದೆ ಬಿದ್ದವರು. ಆ ದಿನದ ಆಟಕ್ಕೆ ಅವರೂ ಹೋಗಬೇಕಿತ್ತು, ಕೆಲಸ ಬಿದ್ದು ಹೋಗಲಾಗಲಿಲ್ಲ. ಈಗ ಮಾಲ್‌ಗಳಲ್ಲಿ, ಸಿನಿಮಾ ಮಂದಿರಗಳಲ್ಲಿ ತುರ್ತು ಬಾಗಿಲಿಗೆ ಅಡ್ಡಲಾಗಿ ಕಾಣುವ ಉದ್ದನೆಯ ಪಟ್ಟಿ ಅಲ್ಲಿಂದ ಬಂದದ್ದು.

ದೂರದ ಕಥೆ ಎಂದು ಬಿಡುವಂತಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಟೆಂಟಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಶಾಮಿಯಾನ ಹೊತ್ತಿಕೊಂಡು 400ಕ್ಕೂ ಹೆಚ್ಚು ಜನ ಹೋದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ. ಹೆಚ್ಚಿನವರು ಸತ್ತದ್ದು ಬೆಂಕಿಯಿಂದಲ್ಲ, ಹೊಗೆಯಿಂದ. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಒಂದು ಬದಿಯ ದಾರಿಯನ್ನೇ ಮುಚ್ಚಿದ್ದರು.

ನಾಲ್ಕು ಹೆಚ್ಚು ಕುರ್ಚಿ. ಬೀಗದ ಕೈ ಯಾರದೋ ಮನೆಯಲ್ಲಿ. ಇಂಥ ಸಣ್ಣ ವಿಷಯಗಳಿಂದಲೇ ಇದು ಶುರುವಾಗುತ್ತದೆ. ಒಮ್ಮೆ ನಮ್ಮ ಕಡೆಯ ಒಂದು ಸಭಾಭವನದಲ್ಲಿ ನಾಟಕಕ್ಕೆ ಮೊದಲು ಪಕ್ಕದ ಬಾಗಿಲು ನೋಡಲು ಹೋದೆ. ಹೊರಗಿನಿಂದ ಬೀಗ. ಒಳಗೆ ಬಾಗಿಲಿಗೆ ಒರಗಿಸಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. 'ಟಿಕೆಟ್ ಇಲ್ಲದವರು ನುಗ್ತಾರೆ, ಅದಕ್ಕೇ' ಎಂಬ ಉತ್ತರ ಬಂತು. ಬೀಗ ತೆಗೆಸಿ, ಅಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದೆವು. ಆಟ ಮುಕ್ಕಾಲು ಗಂಟೆ ತಡವಾಯಿತು. ಕೆಲವರು ಬೈದರು. ಬೈಸಿಕೊಂಡದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ. ಟಿಕೆಟ್ ಇಲ್ಲದೆ ನುಗ್ಗುವವರನ್ನು ತಡೆಯಲು ಮನುಷ್ಯರನ್ನು ನಿಲ್ಲಿಸಿ, ಬೀಗವನ್ನಲ್ಲ.

ಗೇಟಿನವರು ಗಾಬರಿಯಾದರೆ ಸಭೆ ಗಾಬರಿಯಾಗುತ್ತದೆ. ಅದಕ್ಕೇ ಬ್ರಿಟನ್ನಿನ ರಂಗಮಂದಿರಗಳಲ್ಲಿ ಬೆಂಕಿ ಎಂದು ಕೂಗುವ ಬದಲು 'ಮಿಸ್ಟರ್ ಸ್ಯಾಂಡ್ಸ್ ಬರಬೇಕು' ಎನ್ನುವ ರೂಢಿ ಇದೆ. ಸ್ಯಾಂಡ್ ಎಂದರೆ ಮರಳು, ಬೆಂಕಿಗೆ ಎರಚುವ ಮರಳಿನ ಬಕೆಟ್ಟಿನ ನೆನಪು. ಕೆಲಸದವರಿಗೆ ಅರ್ಥವಾಗುತ್ತದೆ, ಪ್ರೇಕ್ಷಕರಿಗೆ ಯಾರೋ ಒಬ್ಬರನ್ನು ಕರೆದಂತೆ ಕೇಳುತ್ತದೆ. ನಿಜವಾಗಿಯೂ ಹೊರಗೆ ಕಳಿಸಬೇಕಾದಾಗ ಮಾತ್ರ ಸ್ಪಷ್ಟವಾಗಿ, ಒಂದೇ ದನಿಯಲ್ಲಿ ಹೇಳುತ್ತಾರೆ.

ಹೋಟೆಲಿನ ಮುಂಭಾಗಕ್ಕೆ ಬರೋಣ. ಕಾರವಾರದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮೀನಿನ ಊಟದ ಹೋಟೆಲಿಗೆ ಹೋಗಿ ನೋಡಿ. ಗಲ್ಲಾ ಬಾಗಿಲ ಪಕ್ಕದಲ್ಲೇ ಇರುತ್ತದೆ. ಸುಮ್ನೆ ದುಡ್ಡು ತೆಗೆದುಕೊಳ್ಳಲು ಅಲ್ಲಿ ಇಟ್ಟದ್ದಲ್ಲ. ಅಲ್ಲಿ ಕೂತವರಿಗೆ ಬರುವವರು, ಹೋಗುವವರು, ಅಡುಗೆಮನೆಯ ಕಿಟಕಿ, ಯಾವ ಟೇಬಲ್ ಖಾಲಿ, ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಸಪ್ಲಾಯರ್ ತಟ್ಟೆ ತರುತ್ತಾನೆ, ಕ್ಲೀನರ್ ಟೇಬಲ್ ಒರೆಸುತ್ತಾನೆ, ಹಾಲ್ ನೋಡಿಕೊಳ್ಳುವ ಮ್ಯಾನೇಜರ್ ಬಾಗಿಲಲ್ಲಿ ನಿಂತ ಐದು ಜನರ ಕುಟುಂಬವನ್ನು ಎಲ್ಲಿ ಕೂರಿಸುವುದು ಎಂದು ಯೋಚಿಸುತ್ತಿರುತ್ತಾನೆ. ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಸುದ್ದಿ. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಅದು ಹರಿಯುತ್ತಿರಬೇಕು. ಬಂಗಡೆ ಮುಗಿಯಿತು ಎಂಬುದು ಅಡುಗೆಯವನಿಗೆ ಗೊತ್ತಿದ್ದು ಸಪ್ಲಾಯರ್‌ಗೆ ಗೊತ್ತಿಲ್ಲದಿದ್ದರೆ ಗಿರಾಕಿ ಇಪ್ಪತ್ತು ನಿಮಿಷ ಕಾದು ಆಮೇಲೆ ಇಲ್ಲ ಎಂದು ಕೇಳಬೇಕಾಗುತ್ತದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗಂತೂ ಇದು ದಿನಾ ಬರುವ ಪ್ರಶ್ನೆ. ಇವತ್ತು ಏನು ಉಂಟು, ಏನು ಇಲ್ಲ ಎಂದು ಕೂರುವ ಮೊದಲೇ ಹೇಳುವ ಹೋಟೆಲಿಗೆ ಜನ ಮತ್ತೆ ಬರುತ್ತಾರೆ. ಗೋವಾ ಗಡಿ ಪಕ್ಕದಲ್ಲೇ ಇರುವುದರಿಂದ ಇದನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಬೇಕಾಗುತ್ತದೆ. ಬಾಗಿಲಲ್ಲಿ ನಿಲ್ಲುವವರಿಗೆ ಅದೂ ಒಂದು ಕಸುಬು.

ಕಟ್ಟುವಾಗ ನೋಡಬೇಕಾದ ಒಂದು ಸಂಗತಿ: ಅಡುಗೆಮನೆಗೆ ಎರಡು ಬಾಗಿಲು. ಒಂದು ಒಳಗೆ ಹೋಗಲು, ಒಂದು ಹೊರಗೆ ಬರಲು. ಒಂದೇ ಬಾಗಿಲಿದ್ದರೆ ಬಿಸಿ ಸಾರು ಹಿಡಿದವನೂ ಎಂಜಲು ತಟ್ಟೆ ಹಿಡಿದವನೂ ಮುಖಾಮುಖಿ ಆಗುತ್ತಾರೆ. ಜಾಗ ಇಲ್ಲದಿದ್ದರೆ ಬಾಗಿಲಿಗೆ ಕಣ್ಣಿನ ಎತ್ತರಕ್ಕೆ ಗಾಜಿನ ಕಿಂಡಿ ಇಟ್ಟರೂ ಆಗುತ್ತದೆ. ಕೈ ತೊಳೆಯುವ ಬೇಸಿನ್ ಕೂಡ ಹಾಗೇ. ನಾವು ಕೈಯಿಂದ ಊಟ ಮಾಡುವವರು, ಬರುವಾಗಲೂ ಹೋಗುವಾಗಲೂ ಅದರ ಮುಂದೆ ನಿಲ್ಲುತ್ತೇವೆ. ಅದನ್ನು ಕೊನೆಯ ಟೇಬಲ್‌ಗೆ ತಾಗಿಸಿ ಇಟ್ಟರೆ ಅಲ್ಲಿ ಕೂತವರ ಊಟ ಹಾಳು.

ಶಿರಸಿ, ಯಾಣ, ಗೋಕರ್ಣದ ಸುತ್ತ ಹೋಮ್‌ಸ್ಟೇಗಳು ತುಂಬಾ ಆಗಿವೆ. ಅಲ್ಲಿ ಒಬ್ಬರೇ ಮುಂಭಾಗ, ಒಬ್ಬರೇ ಹಿಂಭಾಗ. ದೋಸೆ ಹುಯ್ಯುತ್ತಿದ್ದ ಅತ್ತಿಗೆಯೇ ಫೋನ್ ಎತ್ತಬೇಕು, ಹಾಗೇ ಬಂದವರಿಗೆ ಕೋಣೆ ತೋರಿಸಬೇಕು. ಅಂಥವರಿಗೆ ನಾನು ಹೇಳುವುದಿಷ್ಟೇ. ಜಗಲಿಯಲ್ಲಿ ಒಂದು ನೀರಿನ ಚೊಂಬು, ಕೂರಲು ಬೆಂಚು, ಊಟದ ಹೊತ್ತು ಬರೆದ ಹಲಗೆ ಇಟ್ಟುಬಿಡಿ. ಬಂದವರು ಹತ್ತು ನಿಮಿಷ ತಾವಾಗಿಯೇ ಹಾಯಾಗಿ ಕೂರುತ್ತಾರೆ. ಅಷ್ಟರಲ್ಲಿ ದೋಸೆ ಮುಗಿಯುತ್ತದೆ.

ಆಟ ಮುಗಿದ ಮೇಲೂ ಗೇಟಿನವರ ಕೆಲಸ ಮುಗಿಯುವುದಿಲ್ಲ. ಬಾಗಿಲುಗಳನ್ನೆಲ್ಲ ತೆರೆದಿಟ್ಟು, ದಾರಿಯಲ್ಲಿ ನಿಂತು ಮಾತಾಡುವವರನ್ನು ಮೆಲ್ಲಗೆ ಮುಂದಕ್ಕೆ ಕಳಿಸಬೇಕು. ಎಲ್ಲರೂ ಹೋದ ಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಟಾರ್ಚ್ ಹಿಡಿದು ನಡೆಯಬೇಕು. ಒಂದು ಕನ್ನಡಕ, ಮಗುವಿನ ಒಂದು ಕಾಲಿನ ಚಪ್ಪಲಿ, ಮೂರ್ನಾಲ್ಕು ಕೊಡೆ ಸಿಕ್ಕೇ ಸಿಗುತ್ತವೆ. ನಿದ್ದೆ ಹೋದ ಹುಡುಗನೊಬ್ಬ ಸಿಕ್ಕಿದ್ದೂ ಇದೆ. ಶೌಚಾಲಯವನ್ನೂ ನೋಡಬೇಕು. ಅದಾದ ಮೇಲೆ ಚೌಕಿಯ ಬಾಗಿಲಿಗೆ ಹೋಗಿ 'ಹೊರಗೆ ಯಾರೂ ಇಲ್ಲ' ಎಂದು ಹೇಳಬೇಕು. ಬಣ್ಣ ತೆಗೆಯುತ್ತಿದ್ದವರು ತಲೆ ಆಡಿಸುತ್ತಾರೆ. ಆಮೇಲೆ ದೀಪ ಆರಿಸುತ್ತೇವೆ.